ಡಿಡಿಆರ್5-6000 ರ‍್ಯಾಮ್ 4800ರಲ್ಲೇ ನಿಂತಾಗ: ಒಂದು ಎಎಂ5 ಯಂತ್ರದ ಕೆಲಸದ ಟಿಪ್ಪಣಿ

ಡಬ್ಬದ ಮೇಲೆ 6000 ಎಂದಿದೆ, ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದರೆ 4800 ಎಂದು ತೋರಿಸುತ್ತದೆ. ರ‍್ಯಾಮ್ ಕೆಟ್ಟಿಲ್ಲ, ಅಂಗಡಿಯವರು ಬೇರೆ ಮಾಲು ಕೊಟ್ಟಿಲ್ಲ. ಡಿಡಿಆರ್5 ಸ್ಟಿಕ್ಕನ್ನು ಯಾವ ಬೋರ್ಡಿಗೆ ಹಾಕಿದರೂ ಅದು ಮೊದಲು ಏಳುವುದು ಮೆಮೊರಿಯ ಮಾನದಂಡ ನಿಗದಿಪಡಿಸುವ ಜೆಡೆಕ್ ಸಂಸ್ಥೆ ಗೊತ್ತುಮಾಡಿದ ಸುರಕ್ಷಿತ ವೇಗದಲ್ಲಿ, 1.1 ವೋಲ್ಟ್‌ನಲ್ಲಿ. 6000 ಎಂಬುದು ತಯಾರಕರು ಸ್ಟಿಕ್ಕಿನ ಮೇಲಿರುವ ಪುಟ್ಟ ಎಸ್‌ಪಿಡಿ ಚಿಪ್‌ನಲ್ಲಿ ಬರೆದಿಟ್ಟ ಇನ್ನೊಂದು ಪ್ರೊಫೈಲ್. ಅದನ್ನು ನಾವೇ ಆನ್ ಮಾಡಬೇಕು, ಆನ್ ಮಾಡಿದ ಮೇಲೆ ತಪ್ಪಿಲ್ಲದೆ ಓಡುತ್ತಿದೆಯೇ ಎಂದು ನಾವೇ ಪರೀಕ್ಷೆ ಮಾಡಬೇಕು. ಮೊದಲ ಕೆಲಸಕ್ಕೆ ಎರಡು ನಿಮಿಷ ಸಾಕು. ಎರಡನೆಯದಕ್ಕೆ ಒಂದು ರಾತ್ರಿ ಬೇಕು. ಬಹಳ ಜನ ಬಿಟ್ಟುಬಿಡುವುದು ಅದನ್ನೇ, ಆಮೇಲೆ ತಿಂಗಳುಗಟ್ಟಲೆ ನೀಲಿ ಪರದೆ, ಬಿಚ್ಚಲಾಗದ ಜಿಪ್ ಫೈಲು, ಕಾರಣವಿಲ್ಲದೆ ಮುಚ್ಚಿಕೊಳ್ಳುವ ಗೇಮು ಎಂದು ಒದ್ದಾಡುತ್ತಾರೆ.

ಈ ಟಿಪ್ಪಣಿಯ ಯಂತ್ರ ಹೀಗಿದೆ: ಎಎಂಡಿಯ ಎಎಂ5 ಸಾಕೆಟ್ಟಿಗೆ ಕೂರುವ ರೈಜನ್ 7 7700 ಪ್ರೊಸೆಸರ್, ನಾಲ್ಕು ಸ್ಲಾಟಿನ ಬಿ650 ಬೋರ್ಡ್, 16 ಜಿಬಿಯ ಎರಡು ಸ್ಟಿಕ್ಕಿರುವ ಒಂದು ಕಿಟ್. ಕಿಟ್ಟಿನ ಲೇಬಲ್ ಮೇಲೆ 6000, 30-38-38-96, 1.35 ವೋಲ್ಟ್, ಎಕ್ಸ್‌ಪೋ ಎಂದಿದೆ. ಆನ್ ಮಾಡಬೇಕಾದ ಆ ಪ್ರೊಫೈಲಿಗೆ ಎಎಂಡಿಯಲ್ಲಿ ಎಕ್ಸ್‌ಪೋ ಎಂದು ಹೆಸರು. ಗಾಳಿಯ ಟವರ್ ಕೂಲರ್, 250 ವ್ಯಾಟ್ ಎಳೆಯುವ ಗ್ರಾಫಿಕ್ಸ್ ಕಾರ್ಡ್, ವಿಂಡೋಸ್ 11. ರೈಜನ್ 7600, 7800ಎಕ್ಸ್3ಡಿ, 9000 ಸರಣಿ ಯಾವುದಿದ್ದರೂ ಕ್ರಮ ಇದೇ. ಇಂಟೆಲ್‌ನಲ್ಲಿ ಬೇರೆಯಾಗುವ ಒಂದೆರಡು ಸಂಗತಿಗಳು ಕೆಳಗೆ ಒಂದು ಕಡೆ ಇವೆ.

ಲೇಬಲ್‌ನ ಅಂಕಿಗಳು ಏನು ಹೇಳುತ್ತವೆ

6000 ಎಂದರೆ 6000 ಮೆಗಾಹರ್ಟ್ಜ್ ಅಲ್ಲ. ಗಡಿಯಾರ 3000 ಮೆಗಾಹರ್ಟ್ಜ್‌ನಲ್ಲಿ ಬಡಿಯುತ್ತದೆ, ಪ್ರತಿ ಬಡಿತಕ್ಕೆ ಎರಡು ಸಲ ದತ್ತಾಂಶ ಸಾಗುತ್ತದೆ, ಹಾಗಾಗಿ ಪ್ರತಿ ತಂತಿಯ ಮೇಲೆ ಸೆಕೆಂಡಿಗೆ 600 ಕೋಟಿ ಸಲ. ಯಂತ್ರದ ವಿವರ ತೋರಿಸುವ ಸಿಪಿಯು-ಝಡ್‌ ಸಾಫ್ಟ್‌ವೇರಿನಲ್ಲಿ 3000ರ ಆಸುಪಾಸು ಕಂಡು ಅರ್ಧ ವೇಗದಲ್ಲಿ ಓಡುತ್ತಿದೆ ಎಂದು ಗಾಬರಿಯಾಗುವವರು ಬಹಳ. ಅದು ಸರಿಯಾದ ಅಂಕಿಯೇ.

ಮೊದಲ ಟೈಮಿಂಗ್ 30 ಎಂದರೆ 30 ಬಡಿತ ಕಾಯುವುದು. 3000 ಮೆಗಾಹರ್ಟ್ಜ್‌ನಲ್ಲಿ ಅದು 10 ನ್ಯಾನೋಸೆಕೆಂಡ್. ಇದೇ ಸ್ಟಿಕ್ಕು 4800ರಲ್ಲಿ 40ರ ಟೈಮಿಂಗ್‌ನೊಂದಿಗೆ ಓಡುವಾಗ 16.7 ನ್ಯಾನೋಸೆಕೆಂಡ್ ಕಾಯುತ್ತದೆ. ಎರಡು ಚಾನೆಲ್ (ರ‍್ಯಾಮ್ ಮತ್ತು ಪ್ರೊಸೆಸರ್ ನಡುವಿನ ದಾರಿಗಳು) ಸೇರಿದ ಬ್ಯಾಂಡ್‌ವಿಡ್ತ್ ಲೆಕ್ಕದಲ್ಲಿ 4800ಕ್ಕೆ ಸೆಕೆಂಡಿಗೆ 76.8 ಜಿಬಿ, 6000ಕ್ಕೆ 96 ಜಿಬಿ. ದುಡ್ಡು ಕೊಟ್ಟಿರುವುದು ಈ ವ್ಯತ್ಯಾಸಕ್ಕೆ. ಕೊಳ್ಳುವಾಗ 6000ದ 36 ಟೈಮಿಂಗಿನ ಕಿಟ್ಟು 12 ನ್ಯಾನೋಸೆಕೆಂಡ್ ಎನ್ನುವುದನ್ನೂ ಇದೇ ಲೆಕ್ಕದಲ್ಲಿ ನೋಡಿಕೊಳ್ಳಿ. ವೇಗ ಒಂದೇ ಇದ್ದರೂ ಬೆಲೆ ಬೇರೆಯಾಗುವುದು ಅದಕ್ಕೇ.

6000ದಲ್ಲಿ ಒಂದು ಬಿಟ್‌ಗೆ ಸಿಗುವ ಕಾಲ 167 ಪಿಕೋಸೆಕೆಂಡ್. ಬೋರ್ಡಿನ ತಾಮ್ರದ ಗೆರೆಯಲ್ಲಿ ಅಷ್ಟು ಹೊತ್ತಿಗೆ ಸಂಕೇತ ಸಾಗುವುದು ಹೆಚ್ಚೂಕಡಿಮೆ ಎರಡೂವರೆ ಸೆಂಟಿಮೀಟರ್. ಪ್ರೊಸೆಸರಿನಿಂದ ಸ್ಲಾಟಿಗೆ ಇರುವ ದೂರ ಅದಕ್ಕಿಂತ ಹೆಚ್ಚು. ಅಂದರೆ ಮೊದಲ ಬಿಟ್ ಸ್ಟಿಕ್ಕು ಮುಟ್ಟುವ ಮುಂಚೆಯೇ ಅದರ ಹಿಂದೆ ಬರುವ ಬಿಟ್‌ಗಳು ಗೆರೆಯ ಮೇಲೆ ಹೊರಟಿರುತ್ತವೆ. ಪ್ರತಿ ಗೆರೆಯ ಉದ್ದ, ಸ್ಲಾಟಿನ ಸಂಪರ್ಕ, ಪ್ರೊಸೆಸರಿನ ಒಳಗಿನ ಮೆಮೊರಿ ಕಂಟ್ರೋಲರ್ ಇವೆಲ್ಲ ಒಂದಕ್ಕೊಂದು ಹೊಂದಬೇಕು. ಹಾಗಾಗಿ ಡಬ್ಬದ ಮೇಲಿನ ಅಂಕಿ ಸ್ಟಿಕ್ಕಿನ ಚಿಪ್‌ಗಳ ಬಗ್ಗೆ ಮಾತ್ರ ಕೊಟ್ಟ ಮಾತು. ಉಳಿದ ಇಬ್ಬರು, ಬೋರ್ಡು ಮತ್ತು ಪ್ರೊಸೆಸರು, ಆ ಮಾತು ಕೊಟ್ಟಿಲ್ಲ. ರೈಜನ್ 7000 ಸರಣಿಗೆ ಎಎಂಡಿ ಅಧಿಕೃತವಾಗಿ ಹೇಳುವುದು ಎರಡು ಸ್ಟಿಕ್ಕಿಗೆ 5200, 9000 ಸರಣಿಗೆ 5600. ಅದರಾಚೆಗಿನದು ಓವರ್‌ಕ್ಲಾಕಿಂಗ್ ಲೆಕ್ಕ. 6000 ಬಹುತೇಕ ಎಲ್ಲ ಎಎಂ5 ಪ್ರೊಸೆಸರಿನಲ್ಲೂ ಬರುತ್ತದೆ, ಆದರೆ ಎಲ್ಲದರಲ್ಲೂ ಸುಮ್ಮನೆ ಬರುವುದಿಲ್ಲ.

ಬಯೋಸ್ ಮುಟ್ಟುವ ಮೊದಲು

ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯೇ ನೋಡಿ. ಬಯೋಸ್ ಅಪ್‌ಡೇಟ್ ಮಾಡಿದರೆ ಆ ಬೀಗದ ಕೀ ಕಾಯ್ದಿಡುವ, ಪ್ರೊಸೆಸರಿನೊಳಗಿನ ಟಿಪಿಎಂ ಅಳಿಸಿಹೋಗಬಹುದು, ಮುಂದಿನ ಸಲ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಆ ಕೀ ಫೋನಿನಲ್ಲೋ ಕಾಗದದ ಮೇಲೋ ಇರಬೇಕು, ಅದೇ ಕಂಪ್ಯೂಟರಿನಲ್ಲಿದ್ದರೆ ಪ್ರಯೋಜನವಿಲ್ಲ. ಮುಖ್ಯವಾದ ಫೈಲುಗಳ ಪ್ರತಿ ಬೇರೆ ಡಿಸ್ಕಿನಲ್ಲಿರಲಿ. ಅಸ್ಥಿರ ರ‍್ಯಾಮ್ ತಪ್ಪು ಬಿಟ್‌ಗಳನ್ನು ಸದ್ದಿಲ್ಲದೆ ಎಸ್‌ಎಸ್‌ಡಿಗೆ ಬರೆದುಬಿಡುತ್ತದೆ, ಆಮೇಲೆ ವೇಗ ಇಳಿಸಿದರೂ ಹಾಳಾದ ಫೈಲು ಹಾಳಾದಂತೆಯೇ. ಕರೆಂಟ್ ಹೋಗಿಬರುವ ಊರಾದರೆ ಬಯೋಸ್ ಅಪ್‌ಡೇಟನ್ನು ಯುಪಿಎಸ್ ಮೇಲೆ ಮಾತ್ರ ಮಾಡಿ.

ಇನ್ನು ಸ್ಲಾಟು. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡು ಸ್ಟಿಕ್ಕು ಹೋಗಬೇಕಾದ್ದು ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ. ಬೋರ್ಡಿನ ಮೇಲೆ ಎ2, ಬಿ2 ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ. ಇದು ಬರಿಯ ರೂಢಿ ಅಲ್ಲ. ಪ್ರತಿ ಚಾನೆಲ್‌ನ ಗೆರೆ ಮೊದಲು ಹತ್ತಿರದ ಸ್ಲಾಟು ಮುಟ್ಟಿ, ಅಲ್ಲಿಂದ ಮುಂದಕ್ಕೆ ದೂರದ ಸ್ಲಾಟಿಗೆ ಹೋಗುತ್ತದೆ. ಸ್ಟಿಕ್ಕು ಹತ್ತಿರದ ಸ್ಲಾಟಿನಲ್ಲಿದ್ದರೆ ಅದರಾಚೆಗೆ ಖಾಲಿ ಗೆರೆಯ ತುಂಡೊಂದು ಬಾಲದಂತೆ ಉಳಿಯುತ್ತದೆ. ಸಂಕೇತ ಅದರ ತುದಿಗೆ ಬಡಿದು ವಾಪಸ್ಸು ಬಂದು ನಿಜವಾದ ಬಿಟ್‌ಗಳ ಮೇಲೆ ಬೀಳುತ್ತದೆ. 4800ರಲ್ಲಿ ಅದು ತಡೆದೀತು, 6000ದಲ್ಲಿ ತಡೆಯುವುದಿಲ್ಲ. ಎರಡು ಸ್ಟಿಕ್ಕನ್ನೂ ಅಕ್ಕಪಕ್ಕ ಒಂದು ಮತ್ತು ಎರಡನೆಯ ಸ್ಲಾಟಿಗೆ ಹಾಕಿದರೆ ಇನ್ನೂ ಕೆಟ್ಟದ್ದು: ಎರಡೂ ಒಂದೇ ಚಾನೆಲ್‌ಗೆ ಬಿದ್ದು ಬ್ಯಾಂಡ್‌ವಿಡ್ತ್ ಅರ್ಧಕ್ಕಿಳಿಯುತ್ತದೆ. ಸಿಪಿಯು-ಝಡ್‌ನ ಮೆಮೊರಿ ಪುಟದಲ್ಲಿ ಚಾನೆಲ್ ಎಂಬಲ್ಲಿ 4 x 32-ಬಿಟ್ ಎಂದಿರಬೇಕು. 2 x 32-ಬಿಟ್ ಎಂದಿದ್ದರೆ ಒಂದು ಚಾನೆಲ್ ಮಾತ್ರ ಕೆಲಸ ಮಾಡುತ್ತಿದೆ. ಡಿಡಿಆರ್5ನಲ್ಲಿ ಪ್ರತಿ ಸ್ಟಿಕ್ಕಿನೊಳಗೇ 32 ಬಿಟ್‌ನ ಎರಡು ಉಪಚಾನೆಲ್ ಇರುವುದರಿಂದ ಹೀಗೆ ಎಣಿಸುತ್ತದೆ.

ಸ್ಟಿಕ್ಕನ್ನು ಕೂರಿಸುವಾಗ ಎರಡೂ ತುದಿಗೆ ಸಮನಾಗಿ ಒತ್ತಬೇಕು. ಈಗಿನ ಬಹಳ ಬೋರ್ಡುಗಳಲ್ಲಿ ಕೊಂಡಿ ಒಂದೇ ಬದಿಗಿರುತ್ತದೆ, ಆ ಬದಿ ಟಿಕ್ ಎಂದರೂ ಕೊಂಡಿಯಿಲ್ಲದ ಬದಿ ಒಂದು ಮಿಲಿಮೀಟರ್ ಮೇಲೆಯೇ ನಿಂತಿರುವುದುಂಟು. ಟಾರ್ಚ್ ಹಿಡಿದು ಪಕ್ಕದಿಂದ ನೋಡಿ: ಚಿನ್ನದ ಬಣ್ಣದ ಗೆರೆ ಎರಡೂ ತುದಿಯಲ್ಲಿ ಒಂದೇ ಸಮ ಮುಚ್ಚಿರಬೇಕು. ಹಳೆಯ ಸ್ಟಿಕ್ಕಿನ ಸಂಪರ್ಕ ಕೊಳೆಯಾಗಿದ್ದರೆ 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ನೂಲು ಬಿಡದ ಬಟ್ಟೆ ಸಾಕು. ಪೆನ್ಸಿಲ್ ರಬ್ಬರಿನಿಂದ ಉಜ್ಜುವುದು ನಮ್ಮ ರಿಪೇರಿ ಅಂಗಡಿಗಳ ಹಳೆಯ ಪದ್ಧತಿ. ಅದು ಚಿನ್ನದ ತೆಳು ಲೇಪವನ್ನು ಸವೆಸುತ್ತದೆ, ರಬ್ಬರಿನ ಪುಡಿ ಸ್ಲಾಟಿನೊಳಗೆ ಬಿದ್ದರೆ ಹೊಸ ತೊಂದರೆ. ಬಿಟ್ಟುಬಿಡುವುದು ಒಳ್ಳೆಯದು.

ಬಯೋಸ್ ಆವೃತ್ತಿ ಏಕೆ ಮುಖ್ಯ

ಎಎಂ5 ಬಂದದ್ದು 2022ರ ಸೆಪ್ಟೆಂಬರಿನಲ್ಲಿ. ಮೊದಲ ತಿಂಗಳುಗಳ ಬಯೋಸ್‌ಗಳಲ್ಲಿ ಮೆಮೊರಿ ಟ್ರೈನಿಂಗ್ ನಿಧಾನ, ಹೊಂದಾಣಿಕೆ ಕಡಿಮೆ. 2023ರ ವಸಂತದಲ್ಲಿ ಕೆಲವು 7000 ಎಕ್ಸ್3ಡಿ ಪ್ರೊಸೆಸರುಗಳು ಸುಟ್ಟು ಉಬ್ಬಿದ ಸುದ್ದಿ ಬಂತು. ಎಕ್ಸ್‌ಪೋ ಆನ್ ಮಾಡಿದಾಗ ಬೋರ್ಡುಗಳು ಎಸ್‌ಒಸಿ ವೋಲ್ಟೇಜನ್ನು (ಪ್ರೊಸೆಸರಿನೊಳಗಿನ ಮೆಮೊರಿ ಕಂಟ್ರೋಲರಿಗೆ ಹೋಗುವುದು) ಮಿತಿಮೀರಿ ಏರಿಸುತ್ತಿದ್ದವು. ಎಎಂಡಿ ಹೊಸ ಫರ್ಮ್‌ವೇರ್ ಕೊಟ್ಟು ಆ ವೋಲ್ಟೇಜಿಗೆ 1.30 ಎಂಬ ಮೇಲ್ಮಿತಿ ಹಾಕಿತು. ನಿಮ್ಮ ಬೋರ್ಡಿನ ಬಯೋಸ್ ಅದಕ್ಕಿಂತ ಹಳೆಯದಾಗಿದ್ದರೆ ಎಕ್ಸ್‌ಪೋ ಆನ್ ಮಾಡಲೇಬೇಡಿ, ಮೊದಲು ಅಪ್‌ಡೇಟ್ ಮಾಡಿ. ಅಂಗಡಿಯಲ್ಲಿ ಬಹಳ ಕಾಲ ಡಬ್ಬದಲ್ಲೇ ಇದ್ದ ಬೋರ್ಡಿಗೆ ಈ ಮಾತು ಇವತ್ತಿಗೂ ಅನ್ವಯಿಸುತ್ತದೆ.

ವಿಧಾನ ಸರಳ. ಬೋರ್ಡ್ ತಯಾರಕರ ಪುಟದಿಂದ ನಿಮ್ಮ ಮಾದರಿಯ, ಅದೇ ರಿವಿಜನ್‌ನ ಫೈಲು ಇಳಿಸಿಕೊಳ್ಳಿ. ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಹಾಕಿ, ರ‍್ಯಾಮ್ 4800ರಲ್ಲೇ ಇರುವಾಗ ಬಯೋಸ್‌ನೊಳಗಿನ ಫ್ಲ್ಯಾಶ್ ಸಲಕರಣೆಯಿಂದ ಬರೆಸಿ. ಅಸ್ಥಿರ ರ‍್ಯಾಮ್ ಇರುವಾಗ ಫ್ಲ್ಯಾಶ್ ಮಾಡಬಾರದು, ವಿಂಡೋಸ್‌ನೊಳಗಿಂದ ಮಾಡುವುದನ್ನೂ ತಪ್ಪಿಸಿ.

ಎಕ್ಸ್‌ಪೋ ಆನ್

ಬಯೋಸ್‌ನಲ್ಲಿ ಎಕ್ಸ್‌ಪೋ ಆಯ್ಕೆ ಸಾಮಾನ್ಯವಾಗಿ ಮೊದಲ ಪುಟದಲ್ಲೇ ಇರುತ್ತದೆ. ಎಕ್ಸ್‌ಪೋ ಎಎಂಡಿಯದು, ಎಕ್ಸ್‌ಎಂಪಿ ಇಂಟೆಲ್‌ನದು. ಎಕ್ಸ್‌ಎಂಪಿ ಮಾತ್ರ ಇರುವ ಕಿಟ್ಟೂ ಎಎಂ5ರಲ್ಲಿ ಬಹಳಷ್ಟು ಸಲ ಓಡುತ್ತದೆ, ಆದರೆ ಉಪ ಟೈಮಿಂಗ್‌ಗಳನ್ನು ಬೋರ್ಡು ಊಹಿಸಬೇಕಾಗುತ್ತದೆ. ಹೊಸದಾಗಿ ಕೊಳ್ಳುವವರು ಎಕ್ಸ್‌ಪೋ ಇರುವುದನ್ನೇ ಕೊಳ್ಳಿ.

ಸೇವ್ ಮಾಡಿ ರೀಸ್ಟಾರ್ಟ್ ಆದ ಕೂಡಲೇ ಪರದೆ ಕಪ್ಪಾಗುತ್ತದೆ. ಫ್ಯಾನ್ ತಿರುಗುತ್ತಿರುತ್ತವೆ, ಬೋರ್ಡಿನ ಮೂಲೆಯಲ್ಲಿ ಡಿರ‍್ಯಾಮ್ ಎಂದು ಅಚ್ಚಾದ ಪುಟ್ಟ ದೀಪ ಉರಿಯುತ್ತದೆ, ಕೀಬೋರ್ಡಿಗೆ ಜೀವವಿಲ್ಲ. ಇದು ಮೆಮೊರಿ ಟ್ರೈನಿಂಗ್: ಕಂಟ್ರೋಲರು ಪ್ರತಿ ಗೆರೆಗೂ ಬಿಟ್ ಓದುವ ಸರಿಯಾದ ಕ್ಷಣವನ್ನು ಮತ್ತು ವೋಲ್ಟೇಜ್ ಮಟ್ಟವನ್ನು ಹುಡುಕುತ್ತಿದೆ. 32 ಜಿಬಿಗೆ ಒಂದೆರಡು ನಿಮಿಷ ಹಿಡಿಯಬಹುದು, ಹಳೆಯ ಬಯೋಸ್ ಇದ್ದರೆ ಅಥವಾ ನಾಲ್ಕು ಸ್ಟಿಕ್ಕಿದ್ದರೆ ಹತ್ತು ನಿಮಿಷ ದಾಟಬಹುದು. ನಡುವೆ ತಾನೇ ಆಫ್ ಆಗಿ ಆನ್ ಆಗುವುದೂ ಸಹಜ. ಕೈಕಟ್ಟಿ ಕೂರಬೇಕಾದ ಹೊತ್ತಿದು. ಅರ್ಧದಲ್ಲಿ ಸ್ವಿಚ್ ಆರಿಸಿದರೆ ಎಲ್ಲ ಮೊದಲಿಂದ, ಅಥವಾ ಬೋರ್ಡು ಸೋತೆನೆಂದು 4800ಕ್ಕೆ ವಾಪಸ್ಸು ಹೋಗುತ್ತದೆ. ಕಾಲು ಗಂಟೆ ಕಳೆದರೂ ದೀಪ ಆರದಿದ್ದರೆ ಮಾತ್ರ ಸಿಮೋಸ್ ಕ್ಲಿಯರ್ ಮಾಡಿ, ಅಂದರೆ ಬಯೋಸ್ ಸೆಟ್ಟಿಂಗ್‌ಗಳನ್ನು ಅಳಿಸಿ: ಎಸ್‌ಎಂಪಿಎಸ್ ಸ್ವಿಚ್ ಆಫ್, ವೈರ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿಹಿಡಿದು ಉಳಿದ ಚಾರ್ಜ್ ಕಳೆಯಿರಿ. ಆಮೇಲೆ ಬೋರ್ಡಿನ ಕ್ಲಿಯರ್ ಸಿಮೋಸ್ ಪಿನ್ನುಗಳೆರಡನ್ನು ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡ್ ಮುಟ್ಟಿಸಿ. ಪಿನ್ ಸಿಗದಿದ್ದರೆ ಸಿಆರ್2032 ಬ್ಯಾಟರಿ ತೆಗೆದು ಐದು ನಿಮಿಷ ಬಿಡಿ.

ಈ ಯಂತ್ರ ಎಕ್ಸ್‌ಪೋದಲ್ಲಿ ತಡವರಿಸದೆ ಎದ್ದಿತು, ಟಾಸ್ಕ್ ಮ್ಯಾನೇಜರ್‌ನಲ್ಲಿ 6000 ಬಂತು. ಕೆಲಸ ಮುಗಿಯಿತು ಎಂದು ಅನ್ನಿಸುವುದು ಇಲ್ಲೇ. ಅಳತೆ ಶುರುವಾಗಬೇಕಾದ್ದೂ ಇಲ್ಲೇ.

ಏನೇನು ಸೆಟ್ ಆಗಿದೆ, ಓದಿ ನೋಡಿ

ಜೆನ್‌ಟೈಮಿಂಗ್ಸ್ ಎಂಬ ಸಣ್ಣ ಉಚಿತ ಸಾಫ್ಟ್‌ವೇರ್ ಎಲ್ಲವನ್ನೂ ಒಂದೇ ಕಿಟಕಿಯಲ್ಲಿ ತೋರಿಸುತ್ತದೆ. ನೋಡಬೇಕಾದ ಮೊದಲ ಸಾಲು ಮೂರು ಗಡಿಯಾರಗಳದು. ಎಂಕ್ಲಾಕ್ ಅಂದರೆ ರ‍್ಯಾಮ್‌ನ ಗಡಿಯಾರ, 3000. ಯುಕ್ಲಾಕ್ ಅಂದರೆ ಕಂಟ್ರೋಲರಿನದು, ಅದೂ 3000 ಇರಬೇಕು. 1500 ಎಂದಿದ್ದರೆ ಬೋರ್ಡು ಕಂಟ್ರೋಲರನ್ನು ಅರ್ಧ ವೇಗಕ್ಕೆ ಇಳಿಸಿದೆ. ರ‍್ಯಾಮ್ 6000 ಎಂದು ತೋರಿಸುತ್ತಲೇ ಕಾಯುವ ಹೊತ್ತು ಹೆಚ್ಚಾಗಿಬಿಡುತ್ತದೆ. 6000ಕ್ಕಿಂತ ಮೇಲಕ್ಕೆ ಹೋದಾಗ ಆಟೋದಲ್ಲಿ ಬಿಟ್ಟರೆ ಬಹಳ ಬೋರ್ಡುಗಳು ಹೀಗೆ ಮಾಡುತ್ತವೆ, ಅದಕ್ಕೇ 6400ರ ಕಿಟ್ಟು ಹಾಕಿ 6000ಕ್ಕಿಂತ ನಿಧಾನವಾದ ಯಂತ್ರಗಳು ಕಾಣಸಿಗುತ್ತವೆ. ಬಯೋಸ್‌ನಲ್ಲಿ ಯುಕ್ಲಾಕ್ ಆಯ್ಕೆಯನ್ನು ಎಂಕ್ಲಾಕ್‌ಗೆ ಸಮ ಎಂದು ಕೈಯಾರೆ ಹಾಕಿ. ಮೂರನೆಯದು ಎಫ್‌ಕ್ಲಾಕ್, ಪ್ರೊಸೆಸರಿನೊಳಗಿನ ಭಾಗಗಳನ್ನು ಒಂದಕ್ಕೊಂದು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್‌ನದು: 2000.

ಆಮೇಲೆ ವೋಲ್ಟೇಜು. ಸ್ಟಿಕ್ಕಿಗೆ ಹೋಗುವ ವಿಡಿಡಿ ಮತ್ತು ವಿಡಿಡಿಕ್ಯೂ 1.35 ಬಂದಿತ್ತು, ಸರಿ. ಎಸ್‌ಒಸಿ ಮಾತ್ರ ಆಟೋದಲ್ಲಿ ನೇರ 1.30ಕ್ಕೆ ಹೋಗಿತ್ತು, ಮೇಲ್ಮಿತಿಗೇ ತಾಗಿಕೊಂಡು. 6000ಕ್ಕೆ ಅಷ್ಟು ಬೇಡ. ಕಂಟ್ರೋಲರು ಆ ವೋಲ್ಟೇಜಿನಲ್ಲಿ ಬರಿದೇ ಬಿಸಿಯಾಗುತ್ತದೆ, ಸುಮ್ಮನೆ ಕೂತಾಗಲೂ ಕರೆಂಟ್ ಹೆಚ್ಚು ಎಳೆಯುತ್ತದೆ. ಕೈಯಾರೆ 1.20 ಹಾಕಿದಾಗ ವಿಂಡೋಸ್ ಚೆನ್ನಾಗಿಯೇ ಎದ್ದಿತು, ಆದರೆ ಭಾರೀ ಲೆಕ್ಕ ಮಾಡಿಸಿ ತಪ್ಪು ಹಿಡಿಯುವ ವೈ-ಕ್ರಂಚರ್ ಸಾಫ್ಟ್‌ವೇರಿನ ವಿಟಿ3 ಪರೀಕ್ಷೆ ಕೆಲವೇ ನಿಮಿಷಕ್ಕೆ ತಪ್ಪು ಹೇಳಿ ನಿಂತಿತು. 1.23ಕ್ಕೆ ಏರಿಸಿದ ಮೇಲೆ ಅದೇ ಪರೀಕ್ಷೆ ಗಂಟೆಗಟ್ಟಲೆ ಸ್ವಚ್ಛವಾಗಿ ಓಡಿತು. ಒಂದು ಹೆಜ್ಜೆ ಅಂಚು ಇರಲೆಂದು 1.24ಕ್ಕೆ ನಿಲ್ಲಿಸಲಾಗಿದೆ. ನಿಮ್ಮ ಪ್ರೊಸೆಸರಿಗೆ ಈ ಅಂಕಿ ಬೇರೆ. ಒಳ್ಳೆಯ ಚಿಪ್‌ಗೆ 1.15 ಸಾಕಾಗಬಹುದು, ಇನ್ನೊಂದಕ್ಕೆ 1.26 ಬೇಕಾಗಬಹುದು. 1.25ರಿಂದ ಶುರುಮಾಡಿ 0.02ರಂತೆ ಇಳಿಸುತ್ತ, ಪ್ರತಿ ಹೆಜ್ಜೆಗೂ ವಿಟಿ3 ಓಡಿಸುತ್ತ ಹೋಗುವುದು ಸುರಕ್ಷಿತ ದಾರಿ. ಹೆಚ್ಚು ವೋಲ್ಟೇಜ್ ಕೊಟ್ಟರೆ ಹೆಚ್ಚು ಸ್ಥಿರ ಎಂಬ ನಂಬಿಕೆ ಇಲ್ಲಿ ನಡೆಯುವುದಿಲ್ಲ, ಕೆಲವು ಚಿಪ್‌ಗಳು 1.30ರಲ್ಲಿ 1.22ಕ್ಕಿಂತ ಹೆಚ್ಚು ತಪ್ಪು ಮಾಡುತ್ತವೆ.

ಪರೀಕ್ಷೆ

ವಿಂಡೋಸ್ ಎದ್ದಿತು, ಗೇಮ್ ಓಡಿತು ಎನ್ನುವುದು ಪರೀಕ್ಷೆಯಲ್ಲ. ಡಿಡಿಆರ್5 ಚಿಪ್‌ನೊಳಗೆ ಒಂದು ಬಗೆಯ ಇಸಿಸಿ, ಅಂದರೆ ತಪ್ಪು ತಿದ್ದುವ ವ್ಯವಸ್ಥೆ, ಇದೆ ನಿಜ, ಆದರೆ ಅದು ಚಿಪ್‌ನ ಕೋಶದಲ್ಲಿ ಕೆಟ್ಟ ಒಂದು ಬಿಟ್ಟನ್ನು ಮಾತ್ರ ಸರಿಮಾಡುತ್ತದೆ. ಸ್ಟಿಕ್ಕಿನಿಂದ ಪ್ರೊಸೆಸರಿಗೆ ಬರುವ ದಾರಿಯಲ್ಲಿ ಆದ ತಪ್ಪಿಗೆ ಕಾವಲಿಲ್ಲ. ವೇಗ ಏರಿಸಿದಾಗ ಆಗುವ ತಪ್ಪುಗಳು ಹೆಚ್ಚಾಗಿ ಆ ದಾರಿಯವೇ.

ಕ್ರಮ ಹೀಗಿರಲಿ. ಮೊದಲು ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86 ಒಂದು ಪಾಸ್. ಇದು ವಿಂಡೋಸ್ ಇಲ್ಲದೆ ಓಡುವುದರಿಂದ, ದೊಡ್ಡ ತಪ್ಪಿದ್ದರೆ ನಿಮ್ಮ ಡಿಸ್ಕು ಕೆಡುವ ಮುಂಚೆ ಗೊತ್ತಾಗುತ್ತದೆ. ಅದಾದ ಮೇಲೆ ವಿಂಡೋಸ್‌ನಲ್ಲಿ ಟೆಸ್ಟ್‌ಮೆಮ್5, ಕಠಿಣ ಪ್ರೊಫೈಲ್‌ನೊಂದಿಗೆ ಮೂರು ಸುತ್ತು. 32 ಜಿಬಿಗೆ ಸುಮಾರು ಎರಡು ಗಂಟೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆಯದಿದ್ದರೆ ಅದು ರ‍್ಯಾಮನ್ನು ಪೂರ್ತಿ ಹಿಡಿಯುವುದಿಲ್ಲ. ಆಮೇಲೆ ವೈ-ಕ್ರಂಚರ್ ವಿಟಿ3 ಒಂದೆರಡು ಗಂಟೆ. ಕೊನೆಗೆ ಮೆಮೊರಿ ಪರೀಕ್ಷೆಯ ಜೊತೆಗೇ ಗ್ರಾಫಿಕ್ಸ್ ಕಾರ್ಡಿಗೂ ಪೂರ್ತಿ ಹೊರೆ ಹಾಕಿ ಒಂದು ಗಂಟೆ, ಕೇಸಿನ ಪಕ್ಕದ ಬಾಗಿಲು ಮುಚ್ಚಿ. ಒಂದೇ ಒಂದು ತಪ್ಪು ಬಂದರೂ ಅದು ಸೋಲು. ಒಂದು ತಾನೇ ಎಂದು ಬಿಡುವಂತಿಲ್ಲ, ಆ ಒಂದು ಬಿಟ್ ನಾಳೆ ಮದುವೆ ಫೋಟೋದ ಫೈಲಿನಲ್ಲಿ ಬೀಳಬಹುದು.

ಯಾವ ಪರೀಕ್ಷೆ ಸೋತಿತು ಎನ್ನುವುದೇ ಒಂದು ಸುಳಿವು. ಟೆಸ್ಟ್‌ಮೆಮ್5 ಗೆದ್ದು ವಿಟಿ3 ಸೋತರೆ ಹೆಚ್ಚಾಗಿ ಕಂಟ್ರೋಲರಿನ ಕಡೆ ನೋಡಬೇಕು: ಎಸ್‌ಒಸಿ ವೋಲ್ಟೇಜು, ಎಫ್‌ಕ್ಲಾಕ್. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ವೀಯಾ (ಯಂತ್ರಾಂಶದ ತಪ್ಪಿನ) ಎಚ್ಚರಿಕೆಗಳು ಸಾಲುಗಟ್ಟಿದ್ದರೆ ಎಫ್‌ಕ್ಲಾಕ್ ಮೇಲೆ ಮೊದಲ ಅನುಮಾನ, 2000ದಿಂದ 1900ಕ್ಕೆ ಇಳಿಸಿ ನೋಡಿ. ಟೆಸ್ಟ್‌ಮೆಮ್5 ಶುರುವಿನಲ್ಲೇ ಸೋತರೆ ಸ್ಟಿಕ್ಕಿನ ವೋಲ್ಟೇಜು ಅಥವಾ ಟೈಮಿಂಗ್: ವಿಡಿಡಿ, ವಿಡಿಡಿಕ್ಯೂ ಎರಡನ್ನೂ 1.38ಕ್ಕೆ, ಬೇಕಾದರೆ 1.40ಕ್ಕೆ ಏರಿಸಬಹುದು. ಅರ್ಧ ಗಂಟೆ ಚೆನ್ನಾಗಿ ಓಡಿ ಆಮೇಲೆ ಸೋತರೆ ಅದು ಬಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬರೆದಿಟ್ಟುಕೊಳ್ಳಿ. ಮೂರು ಅಂಕಿ ಒಟ್ಟಿಗೆ ಬದಲಿಸಿ ಗೆದ್ದರೆ ಯಾವುದರಿಂದ ಗೆದ್ದಿರೆಂದು ತಿಳಿಯುವುದಿಲ್ಲ.

ಬಿಸಿಯ ಕತೆ ದೊಡ್ಡದು

ಈ ಯಂತ್ರದಲ್ಲಿ ಆದದ್ದು ಆ ಕೊನೆಯದೇ. ಬಾಗಿಲು ತೆಗೆದು ಟೆಸ್ಟ್‌ಮೆಮ್5 ಓಡಿಸಿದರೆ ಮೂರು ಸುತ್ತೂ ಸ್ವಚ್ಛ. ಬಾಗಿಲು ಮುಚ್ಚಿ ಗ್ರಾಫಿಕ್ಸ್ ಕಾರ್ಡಿಗೆ ಹೊರೆ ಹಾಕಿದರೆ ನಲವತ್ತು ನಿಮಿಷದ ಹೊತ್ತಿಗೆ ತಪ್ಪುಗಳು. ಡಿಡಿಆರ್5ನ ಪ್ರತಿ ಸ್ಟಿಕ್ಕಿನಲ್ಲೂ ತಾಪಮಾನ ಅಳೆಯುವ ಸಂವೇದಕ ಇದೆ, ಎಚ್‌ಡಬ್ಲ್ಯುಇನ್ಫೋದಲ್ಲಿ ಎಸ್‌ಪಿಡಿ ಹಬ್ ಎಂಬ ಸಾಲಿನಲ್ಲಿ ಕಾಣುತ್ತದೆ. ಬಾಗಿಲು ತೆಗೆದಾಗ 48 ಡಿಗ್ರಿ ಇದ್ದದ್ದು ಮುಚ್ಚಿದಾಗ 63 ತಲುಪಿತ್ತು. ಗ್ರಾಫಿಕ್ಸ್ ಕಾರ್ಡಿನ ಬಿಸಿಗಾಳಿ ನೇರ ಮೇಲೆದ್ದು ಸ್ಟಿಕ್ಕುಗಳ ಮೇಲೇ ಹಾಯುತ್ತದೆ. ಡಿಡಿಆರ್4ರಲ್ಲಿ ಬೋರ್ಡಿನ ಮೇಲಿದ್ದ ವೋಲ್ಟೇಜ್ ನಿಯಂತ್ರಣ ಡಿಡಿಆರ್5ನಲ್ಲಿ ಸ್ಟಿಕ್ಕಿನ ಮೇಲೇ ಬಂದಿರುವುದರಿಂದ ಅದರ ಬಿಸಿಯೂ ಸೇರುತ್ತದೆ.

ಹಾಗೆಂದು 63 ಡಿಗ್ರಿ ಚಿಪ್‌ಗೆ ಮಿತಿ ಮೀರಿದ್ದಲ್ಲ, ಸಾಮಾನ್ಯ ರಿಫ್ರೆಶ್‌ನಲ್ಲಿ 85ರವರೆಗೆ ಇರಬಹುದು. ತೊಂದರೆ ಇದ್ದದ್ದು ಆ ರಿಫ್ರೆಶ್‌ನಲ್ಲೇ. ಡಿರ‍್ಯಾಮ್ ಕೋಶ ಎಂದರೆ ಸೋರುವ ಪುಟ್ಟ ಕೆಪಾಸಿಟರ್. ಚಾರ್ಜ್ ಸೋರಿಹೋಗುವ ಮುಂಚೆ ಮತ್ತೆ ತುಂಬಬೇಕು, ಬಿಸಿ ಹೆಚ್ಚಿದಷ್ಟೂ ಬೇಗ ಸೋರುತ್ತದೆ. ಎರಡು ರಿಫ್ರೆಶ್ ನಡುವಿನ ಅಂತರ ಟಿಆರ್‌ಇಎಫ್‌ಐ. ಜೆಡೆಕ್ ಪ್ರಕಾರ 3.9 ಮೈಕ್ರೊಸೆಕೆಂಡ್, 3000 ಮೆಗಾಹರ್ಟ್ಜ್‌ನಲ್ಲಿ ಅದು 11700 ಬಡಿತ. ಜೆನ್‌ಟೈಮಿಂಗ್ಸ್‌ನಲ್ಲಿ ಈ ಯಂತ್ರ ತೋರಿಸುತ್ತಿದ್ದದ್ದು 50000. ಬೋರ್ಡಿನ ಬಯೋಸ್‌ನಲ್ಲಿ ಎಕ್ಸ್‌ಪೋ ಪಕ್ಕದಲ್ಲೇ ಇರುವ ಕಡಿಮೆ ಲೇಟೆನ್ಸಿ (ಕಾಯುವ ಹೊತ್ತು) ಎಂಬ ಸಿದ್ಧ ಆಯ್ಕೆ ಆನ್ ಆಗಿತ್ತು, ಅದು ಲೇಬಲ್‌ನಲ್ಲಿಲ್ಲದ ಉಪ ಟೈಮಿಂಗ್‌ಗಳನ್ನೆಲ್ಲ ಬಿಗಿ ಮಾಡುತ್ತದೆ, ರಿಫ್ರೆಶ್ ಅಂತರವನ್ನು ನಾಲ್ಕು ಪಟ್ಟಿಗಿಂತ ಹೆಚ್ಚು ಎಳೆಯುತ್ತದೆ. ತಂಪಿದ್ದಾಗ ಇದು ಒಳ್ಳೆಯ ಲಾಭವೇ: ರಿಫ್ರೆಶ್ ನಡೆಯುವಾಗ ರ‍್ಯಾಮ್ ಬೇರೆ ಕೆಲಸ ಮಾಡದು, ಅದು ಅಪರೂಪವಾದಷ್ಟೂ ವೇಗ. ಬಿಸಿಯಾದಾಗ ಕೋಶ ಖಾಲಿಯಾಗಿರುತ್ತದೆ.

ಪರಿಹಾರ ಎರಡು ಬಗೆ. ಆ ಸಿದ್ಧ ಆಯ್ಕೆ ಆಫ್ ಮಾಡಿ ಬರಿಯ ಎಕ್ಸ್‌ಪೋಗೆ ಮರಳುವುದು ಒಂದು. ಹಾಗೆ ಮಾಡಿದಾಗ 63 ಡಿಗ್ರಿಯಲ್ಲೂ ತಪ್ಪು ಬರಲಿಲ್ಲ. ಲಾಭವೂ ಬೇಕೆಂದರೆ ಗಾಳಿ ಕೊಡಬೇಕು. ಇಲ್ಲಿ ಮುಂದಿನ ಮೇಲ್ತುದಿಯ ಫ್ಯಾನನ್ನು ಹೊರಹಾಕುವ ದಿಕ್ಕಿನಿಂದ ಒಳತರುವ ದಿಕ್ಕಿಗೆ ತಿರುಗಿಸಿ, ಟಿಆರ್‌ಇಎಫ್‌ಐಯನ್ನು 32767ಕ್ಕೆ ಇಟ್ಟಾಗ ಸ್ಟಿಕ್ಕು 55 ಡಿಗ್ರಿಯಲ್ಲಿ ನಿಂತಿತು, ಪರೀಕ್ಷೆ ಪೂರ್ತಿ ಗೆದ್ದಿತು. ನಮ್ಮ ಅಭಿಪ್ರಾಯದಲ್ಲಿ ರಾಯಚೂರು, ಕಲಬುರಗಿ ಕಡೆಯವರು ಎಸಿ ಇಲ್ಲದ ಕೋಣೆಯಲ್ಲಿದ್ದರೆ ಮೊದಲ ದಾರಿಯೇ ಮೇಲು. ಜನವರಿಯಲ್ಲಿ ಗೆದ್ದ ಪರೀಕ್ಷೆ ಏಪ್ರಿಲ್‌ನಲ್ಲಿ ಗೆಲ್ಲುತ್ತದೆಂಬ ಖಾತರಿಯಿಲ್ಲ, ಕೋಣೆ 15 ಡಿಗ್ರಿ ಬಿಸಿಯಾದರೆ ಸ್ಟಿಕ್ಕೂ ಹೆಚ್ಚುಕಡಿಮೆ ಅಷ್ಟೇ ಬಿಸಿಯಾಗುತ್ತದೆ. ಚಳಿಗಾಲದಲ್ಲಿ ಹೊಂದಿಸುವವರು ಆ ಅಂತರವನ್ನು ಈಗಲೇ ಬಿಟ್ಟುಕೊಳ್ಳಬೇಕು.

ಬೂಟ್ ತಡವಾಗುವುದು, ಮತ್ತು ಅದರ ಮದ್ದಿನಿಂದ ಬರುವ ನೀಲಿ ಪರದೆ

ಪ್ರತಿ ಸಲ ಆನ್ ಮಾಡಿದಾಗಲೂ ಅರ್ಧ ನಿಮಿಷಕ್ಕೂ ಹೆಚ್ಚು ಕಪ್ಪು ಪರದೆ ಇದ್ದರೆ ಬೋರ್ಡು ಪ್ರತಿ ಸಲ ಟ್ರೈನಿಂಗ್ ಮಾಡುತ್ತಿದೆ. ಮೆಮೊರಿ ಕಾಂಟೆಕ್ಸ್ಟ್ ರೀಸ್ಟೋರ್ ಆನ್ ಮಾಡಿದರೆ ಹಿಂದಿನ ಫಲಿತಾಂಶವನ್ನೇ ಮತ್ತೆ ಬಳಸಿಕೊಂಡು ಬೇಗ ಏಳುತ್ತದೆ. ಆದರೆ ಅದರ ಜೊತೆಗೆ ಪವರ್ ಡೌನ್ ಎಂಬ ಆಯ್ಕೆಯೂ ಆನ್ ಇರಬೇಕು. ಮೊದಲನೆಯದು ಆನ್, ಎರಡನೆಯದು ಆಫ್ ಇದ್ದಾಗ ಬಹಳ ಬೋರ್ಡುಗಳಲ್ಲಿ ವಿಂಡೋಸ್ ಎದ್ದ ಸ್ವಲ್ಪ ಹೊತ್ತಿಗೆ ನೀಲಿ ಪರದೆ ಬರುತ್ತದೆ. ಎಲ್ಲ ಪರೀಕ್ಷೆ ಗೆದ್ದ ಯಂತ್ರ ಮಾರನೆಯ ದಿನ ಬೆಳಗ್ಗೆ ಕುಸಿಯುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಪವರ್ ಡೌನ್ ಆನ್ ಆದರೆ ಲೇಟೆನ್ಸಿ ಒಂದಿಷ್ಟು ಏರುತ್ತದೆ, ದಿನಬಳಕೆಯಲ್ಲಿ ಗೊತ್ತಾಗುವುದಿಲ್ಲ. ಟೈಮಿಂಗ್, ವೋಲ್ಟೇಜ್ ಹೊಂದಿಸುತ್ತಿರುವಾಗ ಮಾತ್ರ ರೀಸ್ಟೋರ್ ಆಫ್ ಇರಲಿ, ಇಲ್ಲದಿದ್ದರೆ ಹೊಸ ಅಂಕಿಗೆ ಹಳೆಯ ಟ್ರೈನಿಂಗ್ ಅಂಟಿಕೊಂಡು ದಾರಿ ತಪ್ಪಿಸುತ್ತದೆ. ಎಲ್ಲ ಮುಗಿದ ಮೇಲೆ ಎರಡನ್ನೂ ಒಟ್ಟಿಗೆ ಆನ್ ಮಾಡಿ, ಪೂರ್ತಿ ಆಫ್ ಮಾಡಿ ಆನ್ ಮಾಡಿ, ಒಂದು ಸುತ್ತು ಟೆಸ್ಟ್‌ಮೆಮ್5 ಮತ್ತೆ ಓಡಿಸಿ.

6000 ಏಳಲೇ ಇಲ್ಲವೆಂದರೆ

5600ಕ್ಕೆ ಇಳಿಸಿ, ಎಕ್ಸ್‌ಪೋ ಟೈಮಿಂಗ್ ಹಾಗೇ ಇಟ್ಟು ನೋಡಿ. ಅಲ್ಲಿ ಎದ್ದರೆ ಎಸ್‌ಒಸಿ 1.25 ಕೊಟ್ಟು 5800, ಆಮೇಲೆ 6000. 5600 ಕೂಡ ಏಳದಿದ್ದರೆ ಒಂದೇ ಸ್ಟಿಕ್ಕನ್ನು ಎ2ರಲ್ಲಿ, ಆಮೇಲೆ ಅದೇ ಸ್ಟಿಕ್ಕನ್ನು ಬಿ2ರಲ್ಲಿ, ಆಮೇಲೆ ಇನ್ನೊಂದನ್ನು ಹಾಗೆಯೇ. ಸ್ಟಿಕ್ಕು ಬದಲಿಸಿದರೆ ತಪ್ಪು ಅದರ ಜೊತೆಗೇ ಹೋದರೆ ಸ್ಟಿಕ್ಕು ದೋಷ, ಕಿಟ್ಟು ಪೂರ್ತಿ ವಾರಂಟಿಗೆ ಕೊಡಿ. ಸ್ಟಿಕ್ಕು ಯಾವುದಾದರೂ ಬಿ ಚಾನೆಲ್‌ನಲ್ಲೇ ತಪ್ಪು ಬಂದರೆ ಸಾಕೆಟ್ ನೋಡಬೇಕು. ಎಎಂ5ರಲ್ಲಿ ಪಿನ್ನುಗಳು ಬೋರ್ಡಿನ ಮೇಲಿವೆ, 1718. ಒಂದು ಪಿನ್ ಬಾಗಿದರೂ ಒಂದು ಚಾನೆಲ್ ಕಾಣೆಯಾಗಬಹುದು. ಕೂಲರಿನ ಸ್ಕ್ರೂಗಳನ್ನು ಒಂದು ಬದಿಗೆ ಪೂರ್ತಿ ಬಿಗಿದು ಇನ್ನೊಂದು ಬದಿ ಸಡಿಲವಿಟ್ಟರೂ ಇದೇ ಲಕ್ಷಣ. ಪ್ರೊಸೆಸರ್ ತೆಗೆದು, ಓರೆಯಾಗಿ ಬೆಳಕು ಹಾಯಿಸಿ ಪಿನ್ನುಗಳ ಸಾಲು ನೋಡಿ, ಮತ್ತೆ ಕೂರಿಸಿ, ಕೂಲರನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ನಾಲ್ಕು ಸ್ಟಿಕ್ಕು

ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋಗಿ ಅದೇ ಮಾದರಿಯ ಇನ್ನೊಂದು ಜೋಡಿ ತಂದು 64 ಜಿಬಿ ಮಾಡಿಕೊಳ್ಳುವ ಆಲೋಚನೆ ಇದ್ದರೆ ಕೈಬಿಡಿ. 7000 ಮತ್ತು 9000 ಸರಣಿಗೆ ನಾಲ್ಕು ಸ್ಟಿಕ್ಕಿದ್ದಾಗ ಎಎಂಡಿ ಹೇಳುವ ಅಧಿಕೃತ ವೇಗ 3600. ಪ್ರತಿ ಗೆರೆಯ ಮೇಲೆ ಎರಡು ಸ್ಟಿಕ್ಕಿನ ಹೊರೆ ಬಿದ್ದಾಗ 167 ಪಿಕೋಸೆಕೆಂಡಿನ ಕಿಂಡಿ ಇನ್ನೂ ಕಿರಿದಾಗುತ್ತದೆ. ಹೊಸ ಬಯೋಸ್‌ಗಳಲ್ಲಿ ಕೆಲವರಿಗೆ ನಾಲ್ಕು ಸ್ಟಿಕ್ಕು 6000ದಲ್ಲಿ ಓಡಿದ್ದುಂಟು, ಆದರೆ ಅದನ್ನು ನಂಬಿ ದುಡ್ಡು ಹಾಕುವಂತಿಲ್ಲ. ಒಂದೇ ಮಾದರಿ ಸಂಖ್ಯೆಯ ಎರಡು ಕಿಟ್ಟಿನೊಳಗೆ ಬೇರೆ ಬೇರೆ ಕಂಪನಿಯ ಚಿಪ್ ಇರಬಹುದು, ಕಿಟ್ಟನ್ನು ಪರೀಕ್ಷಿಸಿ ಮಾರುವುದು ಜೋಡಿಯಾಗಿ ಮಾತ್ರ. 64 ಬೇಕಾದವರು ಇರುವುದನ್ನು ಮಾರಿ 32 ಜಿಬಿಯ ಎರಡು ಸ್ಟಿಕ್ಕಿನ ಕಿಟ್ಟು ಕೊಳ್ಳುವುದೇ ಸರಿ.

ಇಂಟೆಲ್‌ನವರಿಗೆ: ಆಯ್ಕೆಯ ಹೆಸರು ಎಕ್ಸ್‌ಎಂಪಿ, ಅಧಿಕೃತ ವೇಗ 12ನೇ ತಲೆಮಾರಿಗೆ 4800, 13 ಮತ್ತು 14ಕ್ಕೆ ಹೆಚ್ಚೆಂದರೆ 5600. ಕಂಟ್ರೋಲರು ಡಿಡಿಆರ್5ನಲ್ಲಿ ಗೇರ್ 2ರಲ್ಲೇ ಓಡುತ್ತದೆ, ಅದು ಅರ್ಧ ವೇಗವಾದರೂ ಅಲ್ಲಿ ಸಹಜ. ಎಸ್‌ಒಸಿ ಜಾಗದಲ್ಲಿ ಸಿಸ್ಟಂ ಏಜೆಂಟ್ ವೋಲ್ಟೇಜ್ ನೋಡಬೇಕು. ಸ್ಲಾಟು, ಬಿಸಿ, ಪರೀಕ್ಷೆ ಎಲ್ಲ ಮೇಲಿನಂತೆಯೇ.

ಅಳತೆಯ ಬಗ್ಗೆ ಒಂದು ಮಾತು. ವೇಗ ಅಳೆಯುವ ಐಡಾ64 ಸಾಫ್ಟ್‌ವೇರಿನಲ್ಲಿ ಓದುವ ವೇಗ 60 ಜಿಬಿಯ ಆಸುಪಾಸು ಬಂದರೆ 96 ಎಲ್ಲಿ ಹೋಯಿತೆಂದು ಹುಡುಕಬೇಡಿ. ಒಂದೇ ಸಿಸಿಡಿ (ಕೋರ್‌ಗಳಿರುವ ಚಿಪ್) ಇರುವ ರೈಜನ್‌ನಲ್ಲಿ ಫ್ಯಾಬ್ರಿಕ್ ಪ್ರತಿ ಬಡಿತಕ್ಕೆ 32 ಬೈಟ್ ಓದಿ ಕೊಡುತ್ತದೆ, 2000 ಮೆಗಾಹರ್ಟ್ಜ್‌ನಲ್ಲಿ ಅದರ ಗರಿಷ್ಠ 64 ಜಿಬಿ. ಹಾಗಾಗಿ 6000ದಿಂದ ಮೇಲಕ್ಕೆ ಹೋಗಲು ಪಡುವ ಪಾಡಿಗೆ ಇಂಥ ಪ್ರೊಸೆಸರಿನಲ್ಲಿ ಪ್ರತಿಫಲ ಕಡಿಮೆ. ಗಮನಿಸಬೇಕಾದ್ದು ಲೇಟೆನ್ಸಿ. ಎಕ್ಸ್3ಡಿ ಪ್ರೊಸೆಸರುಗಳಲ್ಲಿ ದೊಡ್ಡ ಕ್ಯಾಶ್ ಇರುವುದರಿಂದ ಅಲ್ಲಿ ಈ ವ್ಯತ್ಯಾಸವೂ ಗೇಮಿನಲ್ಲಿ ಅಷ್ಟಾಗಿ ಕಾಣದು.

ಈ ಯಂತ್ರ ಕೊನೆಗೆ ನಿಂತ ಅಂಕಿಗಳು: 6000, 30-38-38-96, ವಿಡಿಡಿ ಮತ್ತು ವಿಡಿಡಿಕ್ಯೂ 1.35, ಎಸ್‌ಒಸಿ 1.24, ಯುಕ್ಲಾಕ್ 3000, ಎಫ್‌ಕ್ಲಾಕ್ 2000, ಟಿಆರ್‌ಇಎಫ್‌ಐ 32767, ಕಾಂಟೆಕ್ಸ್ಟ್ ರೀಸ್ಟೋರ್ ಮತ್ತು ಪವರ್ ಡೌನ್ ಎರಡೂ ಆನ್. ಇದನ್ನು ಬಯೋಸ್‌ನ ಪ್ರೊಫೈಲ್ ಜಾಗದಲ್ಲಿ ಹೆಸರು ಕೊಟ್ಟು ಉಳಿಸಿ, ಜೊತೆಗೆ ಪ್ರತಿ ಪುಟದ ಫೋಟೋ ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ಮುಂದಿನ ಬಯೋಸ್ ಅಪ್‌ಡೇಟ್ ಆದಾಗ ಉಳಿಸಿದ ಪ್ರೊಫೈಲೂ ಅಳಿಸಿಹೋಗುವುದು ಸಾಮಾನ್ಯ, ರ‍್ಯಾಮ್ ಮತ್ತೆ 4800ಕ್ಕೆ ಬಂದು ನಿಂತಿರುತ್ತದೆ. ಹಳೆಯ ಅಂಕಿಗಳನ್ನೇ ಹಾಕಿದರೂ ಹೊಸ ಬಯೋಸ್‌ನ ಟ್ರೈನಿಂಗ್ ಬೇರೆಯಾಗಿರುತ್ತದೆ, ಆಗ ಟೆಸ್ಟ್‌ಮೆಮ್5 ಮತ್ತು ವಿಟಿ3 ಎರಡನ್ನೂ ಮತ್ತೊಮ್ಮೆ ಓಡಿಸಬೇಕು.